ಮನೆಅಳಿಯರಾಗಿ ಬಂದ ಕಾಳುಗಳು

 

ಈ ಬಾದಾಮಿ ಸೀಮೆಯ ಊಟದ ಬಗ್ಗೆ ಮಾತಾಡಿರಿ ಎಂದು ನನಗೆ ಅಪ್ಪಣೆಯಾಗಿದೆ. ಶಿವಯೋಗ ಮಂದಿರದಂಥ ಮಠದ ಅಂಗಳದಲ್ಲಿ, ಅದೂ ಪ್ರಸಾದಕ್ಕಿಂತ ಮುಂಚಿನ ಹೊತ್ತಿನಲ್ಲಿ, ಊಟದ ಮೇಲೆ ಉಪನ್ಯಾಸ ಮಾಡುವವನು ಜಾಣನಾಗಿದ್ದರೆ ಬೇಗ ಮುಗಿಸುತ್ತಾನೆ. ನಾನು ಅಷ್ಟು ಜಾಣನಲ್ಲ. ಮಲಪ್ರಭೆಯ ದಂಡೆಯಿಂದ ಹೊರಟು ಮೊದಲು ಮಲಾಕ್ಕಾಕ್ಕೆ ಹೋಗಿ, ಅಲ್ಲಿಂದ ತಿರುಗಿ ಬರುವವನಿದ್ದೇನೆ. ಸ್ವಲ್ಪ ತಾಳಿಕೊಳ್ಳಬೇಕು.

ಮಲೇಷ್ಯಾದ ಮಲಾಕ್ಕಾ, ಪೆನಾಂಗ್ ಮತ್ತು ಪಕ್ಕದ ಸಿಂಗಪುರದಲ್ಲಿ ಪೆರಾನಕನ್ ಎಂಬ ಜನರಿದ್ದಾರೆ. ಚೀನದ ದಕ್ಷಿಣ ಕರಾವಳಿಯ ಫುಜಿಯನ್ ಸೀಮೆಯಿಂದ ವ್ಯಾಪಾರಕ್ಕೆ ಬಂದ ಗಂಡಸರು ಶತಮಾನಗಳ ಹಿಂದೆ ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲಿಯೇ ನಿಂತರು. ಅವರ ವಂಶದ ಗಂಡಸರಿಗೆ ಬಾಬಾ ಎಂದೂ ಹೆಂಗಸರಿಗೆ ನ್ಯೋನ್ಯಾ ಎಂದೂ ಕರೆಯುತ್ತಾರೆ. ಹಳೆಯ ಬಾಬಾ ಮನೆತನಗಳಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೇ ಬಂದು ಇರುವ ಪದ್ಧತಿಯೂ ಇತ್ತು. ನಮ್ಮ ಮಾತಿನಲ್ಲಿ ಮನೆಅಳಿಯ. ಹಿರಿಯರ ಪೂಜೆ ಅಪ್ಪನ ಕಡೆಯಿಂದ ಬಂತು. ಆಡುವ ಮಾತು, ಉಡುವ ಬಟ್ಟೆ, ಒಲೆಯ ಮೇಲಿನ ಮಸಾಲೆ ಅವ್ವನ ಕಡೆಯಿಂದ ಬಂದವು.

ಇಂಥ ಮನೆಗಳ ಅಡುಗೆ ಹೇಗಿರುತ್ತದೆ? ಚೀನದ ಶಾವಿಗೆಯನ್ನು ತೆಂಗಿನ ಹಾಲಿನ ಖಾರದ ಸಾರಿನಲ್ಲಿ ಮುಳುಗಿಸಿದರೆ ಅದು ಲಕ್ಸಾ. ಅಕ್ಕಿಹಿಟ್ಟು, ತೆಂಗಿನ ಹಾಲು, ತಾಳೆಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ ಬಣ್ಣಬಣ್ಣದ ಸಿಹಿತಿಂಡಿಗಳಿಗೆ ಕುಏ ಎನ್ನುತ್ತಾರೆ. ಬುವಾ ಕೆಲುವಾಕ್ ಎಂಬ ಒಂದು ಕಾಡುಮರದ ಬೀಜವಿದೆ. ಹಸಿಯಾಗಿ ತಿಂದರೆ ಸಯನೈಡ್ ವಿಷ. ಅದನ್ನು ಬೇಯಿಸಿ, ಬೂದಿಯಲ್ಲಿ ವಾರಗಟ್ಟಲೆ ಹೂತಿಟ್ಟು, ಮತ್ತೆ ದಿನಗಟ್ಟಲೆ ನೀರಿನಲ್ಲಿ ನೆನೆಸಿ ವಿಷ ಕಳೆದು ಅಡುಗೆಗೆ ಹಾಕುತ್ತಾರೆ. ಈ ಕೆಲಸವನ್ನು ಮಲಯ ದ್ವೀಪಗಳ ಕಾಡಿನ ಜನ ಕಂಡುಹಿಡಿದರು, ಚೀನೀ ಅಳಿಯಂದಿರ ಮನೆಯ ಹೆಂಗಸರು ಅದನ್ನು ಹಬ್ಬದ ಅಡುಗೆಯ ಮಟ್ಟಕ್ಕೆ ಏರಿಸಿದರು. ಅದನ್ನು ಯಾವುದರ ಜೊತೆ ಬೇಯಿಸುತ್ತಾರೆಂಬ ವಿವರಕ್ಕೆ ಈ ಜಾಗದಲ್ಲಿ ನಾನು ಹೋಗುವುದಿಲ್ಲ. ಎಲ್ಲದಕ್ಕೂ ಬುನಾದಿ ಕಲ್ಲಿನಲ್ಲಿ ಕುಟ್ಟಿದ ಹಸಿ ಮಸಾಲೆ. ಸೊಸೆಯಾಗಿ ಬರುವ ಹುಡುಗಿ ಮಸಾಲೆ ಕುಟ್ಟುವ ಸಪ್ಪಳ ಕೇಳಿಯೇ ಆಕೆಯ ಕೈಗುಣವನ್ನು ಅಳೆಯುತ್ತಿದ್ದ ಅತ್ತೆಯರ ಕತೆಗಳು ಅಲ್ಲಿ ಮನೆಮನೆಯಲ್ಲಿವೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಮಗ್ಗಲುಮನೆಯ ಸೊಸೆಗೆ ಅಂಕ ಕೊಟ್ಟವರು ಈ ಸಭೆಯಲ್ಲೂ ಇದ್ದೀರಿ, ನಗಬೇಡಿರಿ.

ಮಲಾಕ್ಕಾದಲ್ಲಿ ನಮ್ಮ ದಕ್ಷಿಣದ ನೆಂಟರೂ ಇದ್ದಾರೆ. ತಮಿಳುನಾಡಿನ ಕರಾವಳಿಯಿಂದ ಹೋದ ವ್ಯಾಪಾರಿಗಳ ಸಂತತಿ ಅದು; ಚೆಟ್ಟಿ ಮೆಲಾಕಾ ಎಂದು ಹೆಸರು. ಮನೆಮಾತು ಮಲಯ, ದೇವರು ಗಣಪತಿ. ಅವರ ಪೊಯ್ಯಾತ ವಿನಾಯಗರ್ ಗುಡಿ ಕಟ್ಟಿದ್ದು 1781ರಲ್ಲಿ. ಭೋಗಿಯ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಎಡೆಯ ಮೇಲಿನ ಪದಾರ್ಥಗಳಲ್ಲಿ ಎಷ್ಟೋ ಮಲಯ ಸೀಮೆಯವು, ಇಡುವ ಕ್ರಮ ಮಾತ್ರ ತಾತ ಮುತ್ತಾತಂದಿರದು. ನಮ್ಮ ರಾಜ್ಯದಲ್ಲಿ ಇದಕ್ಕೆ ತೀರ ಹತ್ತಿರದ ಉದಾಹರಣೆ ಬೇಕೆಂದರೆ ಭಟ್ಕಳದ ನವಾಯತರು. ಅರಬ್ ವ್ಯಾಪಾರಿಗಳು ಕರಾವಳಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಕಟ್ಟಿದ ಮನೆಗಳು ಅವು. ಕೊಂಕಣಿಯ ಬುಡದ ಮಾತು, ಅರಬ್ ಕಡೆಯ ನೆನಪು, ಶಾವಿಗೆ ಹಾಕಿದ ಬಿರಿಯಾನಿ.

ಇದನ್ನೆಲ್ಲ ಕೇಳಿದ ನಮ್ಮ ಸೀಮೆಯವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಅವೆಲ್ಲ ಬಂದರಿನ ಊರುಗಳ ಮಾತು. ನಮ್ಮದು ಅಪ್ಪಟ ನೆಲದ ಊಟ. ಹೊರಗಿನದು ಏನೂ ಬೆರೆತಿಲ್ಲ.’ ಇಂದು ನಾನು ತಕರಾರು ತೆಗೆಯುವುದು ಈ ಮಾತಿನ ಮೇಲೆಯೇ.

ಬನಶಂಕರಿಗೆ ಹೋದವರೆಲ್ಲ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳನ್ನು ಕಂಡಿರುತ್ತೀರಿ. ಸುತ್ತಲ ಹಳ್ಳಿಗಳಲ್ಲಿ ನಸುಕಿನಲ್ಲೇ ರೊಟ್ಟಿ ಬಡಿದು, ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ತಂದವರು. ‘ಬರ್ರಿ ಯಪ್ಪಾ, ರೊಟ್ಟಿ ಉಣ್ಣಬರ್ರಿ’ ಎಂದು ಅವರು ಕರೆದರೆ ದಾಟಿ ಹೋಗುವುದು ಕಷ್ಟ. ಜೋಳದ ರೊಟ್ಟಿ, ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳು, ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೇಲೆ ಗಟ್ಟಿ ಮೊಸರು. ಇದಕ್ಕಿಂತ ಅಪ್ಪಟವಾದ ಬಾದಾಮಿ ಊಟ ಯಾವುದು?

ಈಗ ಒಂದೊಂದೇ ಪದಾರ್ಥದ ಹುಟ್ಟೂರು ಕೇಳೋಣ. ಜೋಳವನ್ನು ಮೊದಲು ಒಕ್ಕಲು ಮಾಡಿದ್ದು ಆಫ್ರಿಕದಲ್ಲಿ. ಪೂರ್ವ ಸುಡಾನಿನಲ್ಲಿ ಸಿಕ್ಕ ಕುರುಹುಗಳು 5000 ವರ್ಷ ಹಿಂದಿನವು. ಸಜ್ಜೆ ಪಶ್ಚಿಮ ಆಫ್ರಿಕದ್ದು. ಗುರೆಳ್ಳು ಇಥಿಯೋಪಿಯದ್ದು, ಅಲ್ಲಿ ಇವತ್ತಿಗೂ ಅದರ ಎಣ್ಣೆ ತೆಗೆಯುತ್ತಾರೆ. ಪುಂಡಿಯ ತವರೂ ಆಫ್ರಿಕವೇ. ಹೊಲದ ಬದುವಿನ ಮೇಲೆ ಬೆಳೆದ ಅದರ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ಬದನೆಕಾಯಿಯ ಮಸಾಲೆಗೆ ಬೀಳುವ ಹುಣಸೆಹಣ್ಣೂ ಆಫ್ರಿಕದ ಕಾಡಿನಿಂದ ಬಂದದ್ದು. ಝುಣಕದ ಕಡಲೆ ಈಗಿನ ತುರ್ಕಿಯ ಗುಡ್ಡಗಳಿಂದ ಹೊರಟಿತು. ಅಗಸೆ, ಕುಸುಬೆ ಪಶ್ಚಿಮ ಏಷ್ಯದವು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಧ್ಯ ಏಷ್ಯದವು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಮೆಕ್ಸಿಕೊದ ಕಡೆಯದು.

ಹಾಗಾದರೆ ಮನೆಯವರು ಯಾರು? ಇದ್ದಾರೆ. ಬದನೆಕಾಯಿ ನಮ್ಮ ಉಪಖಂಡದ್ದು. ಸವತೆಕಾಯಿಯೂ ಅಷ್ಟೇ. ಎಳ್ಳು, ತೊಗರಿ, ಹೆಸರು, ಹುರುಳಿ, ಮಡಿಕೆ ಇಲ್ಲಿಯವೇ. ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರುಗಳ ನವಶಿಲಾಯುಗದ ಬೂದಿಯಲ್ಲಿ ಸುಟ್ಟ ಕಾಳುಗಳನ್ನು ಶೋಧಿಸಿದವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಹುರುಳಿ, ಹೆಸರು ಮತ್ತು ಕೊರಲೆಯಂಥ ಸಣ್ಣ ಧಾನ್ಯಗಳು. ಜೋಳ ಈ ನೆಲದ ರಾಜನಾದದ್ದು ಆಮೇಲೆ. ಆಫ್ರಿಕದಿಂದ ಬಂದ ಈ ಅಳಿಯನಿಗೆ ಎರೆಹೊಲ ಸಿಕ್ಕಿತು, ಹಿಂಗಾರಿನ ತಂಪು ಸಿಕ್ಕಿತು. ಹುರುಳಿ, ಮಡಿಕೆಗಳು ಬೀಗತನ ಒಪ್ಪಿಕೊಂಡವು. ಒಂದೇ ಹೊಲದಲ್ಲಿ ಅಕ್ಕಡಿ ಸಾಲು ಹಿಡಿದವು. ಅಂಚಿಗೆ ಮುಳ್ಳಿನ ಕುಸುಬೆ ಬಿತ್ತಿದರೆ ದನ ಒಳಗೆ ನುಗ್ಗುವುದಿಲ್ಲ. ಬೇಲಿಗೆ ಬೇಲಿಯಾಯಿತು, ಗಾಣಕ್ಕೆ ಎಣ್ಣೆಯೂ ಆಯಿತು. ನಾಲ್ಕು ದೇಶದ ಬೀಜಗಳು ಒಂದು ಹೊಲದಲ್ಲಿ ಕೂಡಿ ಬಾಳುವ ಈ ಲೆಕ್ಕಾಚಾರವನ್ನು ಮಾಡಿದವರು ನಮ್ಮ ಒಕ್ಕಲಿಗರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಮೆಣಸಿನಕಾಯಿಯ ಮಾತು ಬೇರೆ. ಅದು ಬಂದ ಕಾಲವನ್ನು ಹೆಚ್ಚುಕಡಿಮೆ ಬೆರಳಿಟ್ಟು ತೋರಿಸಬಹುದು. ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ. ಮರುವರ್ಷ, 1511ರಲ್ಲಿ, ಅದೇ ಅಲ್ಬುಕರ್ಕ್ ಮಲಾಕ್ಕಾವನ್ನು ಹಿಡಿದ. ಅಮೆರಿಕದ ಮೆಣಸಿನಕಾಯಿ ಪೂರ್ವದ ದೇಶಗಳಿಗೆ ಹಬ್ಬಿದ್ದು ಈ ಜನರ ಹಡಗಿನ ದಾರಿಯಲ್ಲಿ. ಅಂದರೆ ನ್ಯೋನ್ಯಾ ಅಜ್ಜಿ ಕಲ್ಲಿನಲ್ಲಿ ಕುಟ್ಟುವ ಸಾಂಬಲ್ ಮತ್ತು ನಮ್ಮ ಅವ್ವ ಒಳಕಲ್ಲಿನಲ್ಲಿ ಅರೆಯುವ ಕೆಂಪು ಖಾರ, ಎರಡೂ ಒಂದೇ ಗಿಡದ ಮಕ್ಕಳು. ಬಂದ ದಾರಿಯೂ ಒಂದೇ. ಅಲ್ಲಿ ಅದಕ್ಕೆ ಒಣಸೀಗಡಿಯ ಸಂಗ ಸಿಕ್ಕಿತು, ಇಲ್ಲಿ ಬೆಳ್ಳುಳ್ಳಿ, ಜೀರಿಗೆ, ಉಪ್ಪಿನ ಸಂಗ ಸಿಕ್ಕಿತು.

ಈ ಕಾಲಗಣನೆಯಿಂದ ಕೆಲವು ವಿಚಿತ್ರ ಸತ್ಯಗಳು ಹೊರಡುತ್ತವೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸುವಾಗ ಕಲ್ಲುಕುಟಿಗರ ಬುತ್ತಿಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಹಿಂಡಿ ಇರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ದಾಸೋಹದಲ್ಲೂ ಇವೆರಡೂ ಇರಲಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗಳ ದೊಡ್ಡ ವಿವರವೇ ಇದೆ, ಅಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ, ವಾಸನೆಗೆ ಇಂಗು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ. ಗೋವೆಯಲ್ಲಿ ಪೋರ್ಚುಗೀಸರ ಬಾವುಟ ಏರುತ್ತಿದ್ದ ಕಾಲ ಅದು. ಮೆಣಸಿನಕಾಯಿಗೆ ಮುಂಚಿನ ಕನ್ನಡ ಅಡುಗೆಮನೆಯನ್ನು ನೋಡಬೇಕೆನ್ನುವವರು ಆ ಪುಸ್ತಕವನ್ನು ಓದಬೇಕು. ಖಾರವಿಲ್ಲದಿದ್ದರೆ ಉತ್ತರ ಕರ್ನಾಟಕದ ಊಟವೇ ಅಲ್ಲ ಎನ್ನುವ ನಮ್ಮ ಹೆಮ್ಮೆಗೆ ಐದುನೂರು ವರ್ಷದ ವಯಸ್ಸಿದೆ. ಐದುನೂರು ಸಣ್ಣದಲ್ಲ. ಆದರೆ ಅನಾದಿಯೂ ಅಲ್ಲ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ನಮ್ಮದೆನ್ನುವುದು ಏನೂ ಇಲ್ಲವೇ?’ ಎಂದು ಯಾರಾದರೂ ಕೇಳಬಹುದು. ಇದೆ, ಮತ್ತು ಅದು ಕೈಯಲ್ಲಿದೆ.

ಜೋಳ ಹುಟ್ಟಿದ ಸುಡಾನಿನಲ್ಲಿ ಅದರ ಹಿಟ್ಟನ್ನು ಹುಳಿಬರಿಸಿ, ತೆಳ್ಳಗೆ ಕಾದ ಹಂಚಿನ ಮೇಲೆ ಹರಡಿ ಕಿಸ್ರಾ ಎಂಬ ಹಾಳೆಯಂಥ ರೊಟ್ಟಿ ಮಾಡುತ್ತಾರೆ. ಬಡಿಯುವುದಿಲ್ಲ. ದಖ್ಖನಿನ ಹೆಣ್ಣುಮಕ್ಕಳು ಹಿಡಿದದ್ದು ಬೇರೆ ದಾರಿ. ಗೋಧಿಯನ್ನು ಹಿಡಿದು ಕೂಡಿಸುವ ಅಂಟಿನ ಗುಣ ಜೋಳಕ್ಕಿಲ್ಲ; ತಣ್ಣೀರಿನಲ್ಲಿ ನಾದಿ ತಟ್ಟಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟಿನ ಪಿಷ್ಟ ಅರೆಬರೆ ಬೆಂದು ಜಿಗಿ ಬರುತ್ತದೆ. ಆ ಜಿಗಿ ಇರುವಷ್ಟು ಹೊತ್ತಿನಲ್ಲಿ ನಾದಬೇಕು, ಬಡಿಯಬೇಕು, ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ನೀರು ಆರುವ ಮುಂಚೆ ತಿರುವಿ ಹಾಕಬೇಕು. ಆಗ ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಎಸರಿಗೂ ಬಗ್ಗುವುದಿಲ್ಲ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಜೋಳವನ್ನು ವರ್ಷಕ್ಕಾಗುವಷ್ಟು ತುಂಬಿಟ್ಟರೂ ಹಿಟ್ಟನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಈ ವಿದ್ಯೆಯಲ್ಲಿ ಅಳತೆ ಎಂಬುದು ಕೈಬೆರಳಿನ ತುದಿಯಲ್ಲಿದೆ. ಇದೇ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಒಣಗುವವರೆಗೆ ಬಿಟ್ಟರೆ ಕಟಿರೊಟ್ಟಿ. ಚಕ್ಕಡಿ ಕಟ್ಟಿಕೊಂಡು ವಾರಗಟ್ಟಲೆ ಜಾತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ಬಟ್ಟೆಯ ಗಂಟಿನಲ್ಲಿ ಕೆಡದೆ ಉಳಿಯುತ್ತಿದ್ದ ಬುತ್ತಿ ಅದೇ.

ನಾವು ಬಿತ್ತುವ ಮಾಲದಂಡಿ ಜೋಳವೂ ಸೊಲ್ಲಾಪುರ ಜಿಲ್ಲೆಯ ಮೊಹೋಳದ ಕೇಂದ್ರದಲ್ಲಿ ಆರಿಸಿದ ತಳಿ. ಕಾಳು ರೊಟ್ಟಿಗಾದರೆ ಕಣಿಕೆ ದನಕ್ಕೆ. ಇಲ್ಲಿ ನಿಂತು ಒಂದು ಮಾತು ಹೇಳದೆ ಇರಲಾರೆ. ಶಿವಯೋಗ ಮಂದಿರದ ವಿಭೂತಿ ನಾಡಿಗೆಲ್ಲ ಗೊತ್ತು. ಆಕಳ ಸಗಣಿಯನ್ನು ಸುಟ್ಟು, ಸೋಸಿ, ಗಟ್ಟಿ ಮಾಡುವ ಈ ಕಾಯಕ ಇಲ್ಲಿ ನಡೆದು ಬಂದಿದೆ. ಈ ಸೀಮೆಯ ಆಕಳು ತಿನ್ನುವುದು ಜೋಳದ ಕಣಿಕೆ. ಹಾಗೆ ನೋಡಿದರೆ ಸುಡಾನಿನ ಹುಲ್ಲೊಂದು ತಾಟಿನಲ್ಲಿ ರೊಟ್ಟಿಯಾಗಿ, ಹಣೆಯ ಮೇಲೆ ತ್ರಿಪುಂಡ್ರವಾಗಿ ಕೂತಿದೆ. ಯಾವ ಬೀಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕೀತು?

ಸಿಹಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಿಹಿಯ ವಿಷಯದಲ್ಲಿ ನಾನು ಪಕ್ಷಪಾತಿ. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟನ್ನೇ ತೆಗೆದುಕೊಳ್ಳಿರಿ, ಗೋಕಾಕದವರು ಸಿಟ್ಟಾಗಬಾರದು. ತುಪ್ಪದಲ್ಲಿ ಕರಿದ ಅಂಟು, ನಮ್ಮ ಬೆಲ್ಲ, ಒಣಕೊಬ್ಬರಿ, ಕೊಲ್ಲಿಯ ಕಡೆಯ ಉತ್ತತ್ತಿ, ಬ್ರೆಜಿಲ್ ಮೂಲದ ಗೋಡಂಬಿ, ಪಶ್ಚಿಮ ಏಷ್ಯದ ಬದಾಮಿ. ಬಾಣಂತಿಗೆ ತಿನ್ನಿಸುವ ಈ ಉಂಡೆಯಲ್ಲಿ ಅರ್ಧ ಭೂಗೋಳವಿದೆ. ಮಾದಲಿ ಇನ್ನೂ ಸರಳ: ಗೋಧಿ, ಕಡಲೆಬೇಳೆಯ ತರಿಯನ್ನು ನಾದಿ ದಪ್ಪ ರೊಟ್ಟಿ ಮಾಡಿ, ಕುಟ್ಟಿ ಪುಡಿಮಾಡಿ, ಬೆಲ್ಲ, ಪುಟಾಣಿ, ಗಸಗಸೆ, ಕೊಬ್ಬರಿ, ಏಲಕ್ಕಿ ಬೆರೆಸಿದರೆ ಆಯಿತು. ಹಾಲು ತುಪ್ಪ ಹಾಕಿಕೊಂಡು ಉಣ್ಣುವುದು. ಒಣಪುಡಿಯಾದ್ದರಿಂದ ಎಷ್ಟು ಜನರಿಗಾದರೂ ಮೊದಲೇ ಮಾಡಿಡಬಹುದು. ಅದಕ್ಕೇ ಅದು ಜಾತ್ರೆಯ ಸಿಹಿಯಾಯಿತು.

ಬರಗಾಲದ ಮಾತನ್ನು ಬಿಟ್ಟರೆ ಈ ಸೀಮೆಯ ಊಟದ ಕತೆ ಸುಳ್ಳಾಗುತ್ತದೆ. ಈ ಮಂದಿರ ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು ಹುಟ್ಟಿದ್ದು 1867ರಲ್ಲಿ. ಅವರು ಬಾಲಕರಾಗಿದ್ದಾಗಲೇ 1876ರಿಂದ 1878ರ ಮಹಾಬರ ಬಂತು. ಅಂದಿನ ಕಲಾದಗಿ ಜಿಲ್ಲೆ, ಅಂದರೆ ನಾವು ಕೂತಿರುವ ಈ ಪ್ರದೇಶ, ಅದರಲ್ಲಿ ನುಗ್ಗಾಯಿತು. ಹಕ್ಕರಿಕೆ, ಕಿರಕಸಾಲಿಯಂಥ ಹೊಲದ ಸೊಪ್ಪುಗಳನ್ನು ನಾವು ಇಂದು ಹಸಿಯಾಗಿ ರೊಟ್ಟಿಯ ಜೊತೆ ರುಚಿಗೆಂದು ತಿನ್ನುತ್ತೇವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಟ್ಟೆ ಹೊರೆದದ್ದು ಇಂಥ ಬಿತ್ತದ ಸೊಪ್ಪುಗಳೇ. ಬನಶಂಕರಿಗೆ ಶಾಕಂಭರಿ ಎಂದು ಹೆಸರು. ಬರದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಲೋಕವನ್ನು ಉಣ್ಣಿಸಿದಳು ಎಂದು ಪುರಾಣ. ಬನದ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಪಲ್ಲೇದ ಹಬ್ಬವೆಂದು 108 ಬಗೆಯ ಪಲ್ಯಗಳನ್ನು ಆಕೆಗೆ ಎಡೆ ಹಿಡಿಯುತ್ತಾರೆ. ಬರವನ್ನು ಕಂಡ ನಾಡಿಗೆ ಮಾತ್ರ ಇಂಥ ಹಬ್ಬ ಹೊಳೆದೀತು.

1909ರಲ್ಲಿ ಈ ಮಂದಿರ ಕಟ್ಟುವ ಹೊತ್ತಿಗೆ ಬರದ ನೆನಪು ಇನ್ನೂ ಹಸಿಯಾಗಿತ್ತು. ಮಠದ ಪರಂಪರೆಯಲ್ಲಿ ಜೋಳಿಗೆಗೆ, ಕಂತಿಭಿಕ್ಷೆಗೆ ಇರುವ ಸ್ಥಾನ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಡುಗೆಯ ಕಡೆಯಿಂದ ಅದನ್ನು ನೋಡಿರಿ. ಒಂದು ಓಣಿಯ ಹತ್ತು ಮನೆಯ ರೊಟ್ಟಿ ಒಂದೇ ಜೋಳಿಗೆಗೆ ಬೀಳುತ್ತದೆ. ಉಳ್ಳವರ ಮನೆಯ ತೆಳ್ಳನೆಯ ಬಿಳಿಜೋಳದ ರೊಟ್ಟಿ, ಬಡವರ ಮನೆಯ ದಪ್ಪ ಸಜ್ಜಿರೊಟ್ಟಿ, ಒಬ್ಬರ ಹುಳಿ ಪಲ್ಯ, ಇನ್ನೊಬ್ಬರ ಖಾರ. ಉಣ್ಣುವಾಗ ಯಾವುದು ಯಾರದು ಎಂದು ಕೇಳುವಂತಿಲ್ಲ. ಮಲಾಕ್ಕಾದಲ್ಲಿ ಅಡುಗೆಗಳನ್ನು ಬೆರೆಸಿದ್ದು ಮದುವೆ. ಇಲ್ಲಿ ಆ ಕೆಲಸವನ್ನು ಜೋಳಿಗೆಯೂ ಮಾಡಿತು. ಪೆರಾನಕನ್ ಮನೆಗಳಲ್ಲಿ ಹಬ್ಬಕ್ಕೆ ಉದ್ದನೆಯ ಮೇಜು ಹಾಕಿ ಬಗೆಬಗೆಯ ಭಕ್ಷ್ಯ ಜೋಡಿಸುತ್ತಾರೆ. ತೋಕ್ ಪಾಂಜಾಂಗ್ ಎಂದು ಅದಕ್ಕೆ ಹೆಸರು. ನಮ್ಮ ಪಂಕ್ತಿ ಅದಕ್ಕಿಂತ ಉದ್ದ, ಯಾಕೆಂದರೆ ಅಲ್ಲಿ ಕೂರಲು ಕರೆಯೋಲೆ ಬೇಕು, ಇಲ್ಲಿ ಬೇಡ. ಪಂಕ್ತಿಯಲ್ಲೂ ಭೇದ ಮಾಡಿದ ದಿನಗಳು ನಮ್ಮಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ. ಅದನ್ನು ಮುರಿಯುವ ಕೆಲಸವೂ ಮಠಗಳಲ್ಲೇ ನಡೆಯಿತು. ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ರೊಟ್ಟಿ, ಭಜ್ಜಿ ಉಣ್ಣುತ್ತಾರೆ.

ಕೊನೆಗೆ ಒಂದು ಲೌಕಿಕದ ಮಾತು. ಪೆರಾನಕನ್ ಹೆಂಗಸರು ತಮ್ಮ ಅಡುಗೆಯ ಗುಟ್ಟನ್ನು ಮನೆಯಾಚೆ ಬಿಡುತ್ತಿರಲಿಲ್ಲ. ಮನೆಯ ಹುಡುಗಿಯರು ಒಲೆಯ ಮುಂದಿನಿಂದ ಎದ್ದು ಕಚೇರಿಗಳಿಗೆ ಹೊರಟ ಮೇಲೆ ಬರೆದಿಡುವ ಕೆಲಸ ಚುರುಕಾಯಿತು. ಸಿಂಗಪುರದ ಮೊದಲ ಪ್ರಧಾನಿ ಲೀ ಕುಆನ್ ಯೂ ಅವರ ತಾಯಿಯೇ 1974ರಲ್ಲಿ ಒಂದು ಅಡುಗೆ ಪುಸ್ತಕ ಪ್ರಕಟಿಸಿದರು. 2008ರಲ್ಲಿ ಅಲ್ಲಿ ಪೆರಾನಕನ್ ವಸ್ತುಸಂಗ್ರಹಾಲಯ ತೆರೆಯಿತು. 2016ರಲ್ಲಿ ಅಲ್ಲಿನ ಪೆರಾನಕನ್ ಹೋಟೆಲೊಂದಕ್ಕೆ ಮಿಶೆಲಿನ್ ನಕ್ಷತ್ರವೂ ಬಂತು. ನಮ್ಮ ತಾಯಂದಿರು ಯಾವ ಗುಟ್ಟನ್ನೂ ಬಚ್ಚಿಡಲಿಲ್ಲ, ಆದರೆ ಕೇಳಿ ಬರೆದುಕೊಂಡವರು ಕಡಿಮೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದರು; ಭಾಷಣಗಳಾದವು, ಮೇಳಗಳಾದವು, ಬೆಂಗಳೂರಿನ ಹೋಟೆಲುಗಳಲ್ಲಿ ಜೋಳದ ರೊಟ್ಟಿಯ ಬೆಲೆ ಏರಿತು. ಬನಶಂಕರಿಯ ಬುಟ್ಟಿಯ ಹೆಣ್ಣುಮಗಳ ಜೊತೆ ಮಾತ್ರ ನಾವು ಐದು ರೂಪಾಯಿಗೆ ಇನ್ನೂ ಚೌಕಾಸಿ ಮಾಡುತ್ತೇವೆ.

ಹೊಲದಲ್ಲೂ ಜೋಳ ಹಿಂದೆ ಸರಿಯುತ್ತಿದೆ. ಕಾಲುವೆ ಬಂದ ಕಡೆ ಕಬ್ಬು, ಗೋವಿನಜೋಳ ಬಂದವು. ಹಿಂಗಾರಿ ಜೋಳವನ್ನು ಬುಡಸಮೇತ ಕೈಯಿಂದ ಕೀಳಬೇಕು, ಆಳು ಸಿಗುವುದಿಲ್ಲ. 2013ರ ಅನ್ನಭಾಗ್ಯದ ಮೇಲೆ ಅಕ್ಕಿ ದಿನದ ಊಟವಾಯಿತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಹಬ್ಬಕ್ಕಷ್ಟೇ ಅನ್ನ ಕಾಣುತ್ತಿದ್ದ ಮನೆಗಳನ್ನು ಕಂಡವನು ಅಕ್ಕಿಯನ್ನು ಬೈಯಲಾರ. ಆದರೆ ಅಕ್ಕಿಯನ್ನು ಒಬ್ಬ ಬಾಣಸಿಗ ಸಾವಿರ ಜನಕ್ಕೆ ಬೇಯಿಸಬಲ್ಲ. ರೊಟ್ಟಿಗೆ ಕೈಗಳು ಬೇಕು, ಬಹಳ ಕೈಗಳು ಬೇಕು. ಮಠದ ಉಗ್ರಾಣದಲ್ಲಿ ಜೋಳದ ಚೀಲ ಕಡಿಮೆಯಾಗಿ ಅಕ್ಕಿಯ ಚೀಲ ಹೆಚ್ಚುವುದಕ್ಕೆ ಕಾರಣ ಭಕ್ತಿಯ ಕೊರತೆಯಲ್ಲ, ಕೈಗಳ ಕೊರತೆ.

ಇದಕ್ಕೆ ಕೊಪ್ಪಳದ ಗವಿಮಠದ ಜಾತ್ರೆ ಕಂಡುಕೊಂಡ ದಾರಿ ನಿಮಗೆ ಗೊತ್ತಿದೆ. ಸುತ್ತಲ ಹಳ್ಳಿಗಳಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ದಿನಗಟ್ಟಲೆ ರೊಟ್ಟಿ ಬಡಿಯುತ್ತಾರೆ. ಲಕ್ಷಗಟ್ಟಲೆ ಕಟಿರೊಟ್ಟಿ, ಮೂಟೆಗಟ್ಟಲೆ ಮಾದಲಿ ಟ್ರ್ಯಾಕ್ಟರುಗಳಲ್ಲಿ ಬಂದು ಬೀಳುತ್ತವೆ. ಜೋಳಿಗೆಯೇ ಟ್ರ್ಯಾಕ್ಟರಾಯಿತು ಎನ್ನಿರಿ. ಈ ಮಂದಿರದಲ್ಲಿ ಸಾಧನೆ ಮಾಡುತ್ತಿರುವ ವಟುಗಳೇ, ನಾಳೆ ನೀವು ಬೇರೆ ಬೇರೆ ಜಿಲ್ಲೆಗಳ ಮಠಗಳ ಪಟ್ಟಕ್ಕೆ ಹೋಗುತ್ತೀರಿ. ಆ ಮಠದ ಉಗ್ರಾಣದ ಕೀಲಿಕೈ ನಿಮ್ಮ ಕೈಗೆ ಬರುತ್ತದೆ. ವರ್ಷಕ್ಕೆ ಎಷ್ಟು ಚೀಲ ಬಿಳಿಜೋಳ ಕೊಳ್ಳುತ್ತೀರಿ ಎಂದು ಸುಗ್ಗಿಗೆ ಮುಂಚೆಯೇ ಸುತ್ತಲ ಒಕ್ಕಲಿಗರಿಗೆ ಹೇಳಿಬಿಟ್ಟರೆ ಅಷ್ಟು ಎಕರೆ ಎರೆಹೊಲದಲ್ಲಿ ಜೋಳ ನಿಲ್ಲುತ್ತದೆ, ಅಷ್ಟು ಕಣಿಕೆ ಆಕಳಿಗೆ ಸಿಗುತ್ತದೆ. ರೊಟ್ಟಿ ಬಡಿಯುವ ತಾಯಂದಿರಿಗೆ ಕೂಲಿ ಎಷ್ಟು ಎಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಸೇವೆ ಎಂಬ ಹೆಸರಿನಲ್ಲಿ ಆ ಕಲಮು ಖಾಲಿ ಬಿಡಬೇಡಿರಿ.